ಮೂರನೆಯ ಕಿಟಕಿ

ಬಾಗಿಲಿಗೆ ಹೊರಗಿನಿಂದ ಕೊಂಡಿ ಹಾಕಿ ಆಮೇಲೆ ಬೆಂಕಿ ಹಚ್ಚಿದರಂತೆ. ಗುರುವಾರ ಕಚೇರಿಯಲ್ಲಿ ಯಾರೋ ಯಾರಿಗೋ ಪಿಸುಗುಟ್ಟಿದ ಮಾತು, ಭಗವಂತರಾಯನಿಗೆ ಹೇಳಿದ್ದಲ್ಲ. ನಕಲು ಮಾಡುತ್ತಿದ್ದ ಉರ್ದು ಕಾಗದದಿಂದ ಅವನು ತಲೆಯನ್ನೂ ಎತ್ತಲಿಲ್ಲ. ಯಾವ ಹಳ್ಳಿ, ಎಷ್ಟು ಜನ ಸತ್ತರು, ರಜಾಕಾರರು ಯಾವ ದಾರಿಯಿಂದ ಬಂದರು, ಇದೊಂದೂ ಅವನ ಕಿವಿಯಲ್ಲಿ ನಿಲ್ಲಲಿಲ್ಲ. ಕೊಂಡಿ ಮಾತ್ರ ನಿಂತಿತು. ಸಂಜೆ ಮನೆಗೆ ಬಂದವನು ಹೊಸ್ತಿಲು ದಾಟುವ ಮೊದಲು ತನ್ನ ಬಾಗಿಲಿನ ಕೊಂಡಿಯನ್ನು ನೋಡಿದ. ಹುಟ್ಟಿದಾಗಿನಿಂದ ನೋಡಿದ್ದೇ. ಊರಿಗೆ ಹೋಗುವಾಗ ಬೀಗ ಹಾಕಲೆಂದು ಅಪ್ಪ ಮಾನಪ್ಪ ಹೊಡೆಸಿದ್ದ ಕಬ್ಬಿಣದ ಕೊಂಡಿ, ಕೈಯಾಡಿ ಆಡಿ ನುಣುಪಾಗಿತ್ತು. ಕಿತ್ತುಹಾಕಿದರಾಯಿತು ಎಂದುಕೊಂಡ. ಕಿತ್ತರೆ ಹಗ್ಗ ಕಟ್ಟುತ್ತಾರೆ; ಹಗ್ಗವಿಲ್ಲದಿದ್ದರೆ ಒಂದು ಬಂಡಿ ತಂದು ಅಡ್ಡ ನಿಲ್ಲಿಸುತ್ತಾರೆ. ಕೈಕಾಲು ತೊಳೆದು ಊಟಕ್ಕೆ ಕೂತಾಗ ಹೆಂಡತಿ ಮಲಕಮ್ಮ, "ಯಾಕ್ರೀ, ರೊಟ್ಟಿ ಹಿಡಕೊಂಡು ಹಂಗ ಕುಂತೀರಿ?" ಎಂದಳು. ಅವನು ರೊಟ್ಟಿ ಮುರಿದ. ರೊಟ್ಟಿಯ ಅಂಚು ಸುಟ್ಟು ಕಪ್ಪಾಗಿತ್ತು. ಆ ಕಪ್ಪು ತುಂಡನ್ನು ಬೇರೆ ಮಾಡಿ ತಾಟಿನ ಪಕ್ಕಕ್ಕಿಟ್ಟ, ಮತ್ತೆ ಅದನ್ನೇ ನೋಡುತ್ತ ಕೂತ.

ಮರುದಿನ ಶುಕ್ರವಾರ, ಕಚೇರಿಗೆ ರಜೆ. ಸುರಪುರದ ಗುಡ್ಡದ ಮಗ್ಗುಲಿಗೆ ಅಂಟಿಕೊಂಡ ಮನೆ ಅದು. ಹಿಂದೆ ಬಂಡೆ, ಆದ್ದರಿಂದ ಹಿತ್ತಲ ಬಾಗಿಲೆಂಬುದಿಲ್ಲ. ಓಣಿಗೆ ತೆರೆಯುವ ಒಂದೇ ಬಾಗಿಲು. ಅದರ ಒಳಮಗ್ಗುಲಿಗೆ ಅವ್ವ ಅಂಬವ್ವನ ಹಾಸಿಗೆ. ಮೇಲೆ ಒಂದು ಕೋಣೆ. ಬೆಳಿಗ್ಗೆಯಿಂದ ಅವನು ಆ ಕೋಣೆಯಲ್ಲಿ ಚಾಪೆಯ ಮೇಲೆ ಅಂಗಾತ ಮಲಗಿ ಕಿಟಕಿಗಳನ್ನು ಲೆಕ್ಕ ಹಾಕುತ್ತಿದ್ದ. ಒಂದು, ಓಣಿಯ ಕಡೆಯದು. ಸರಿಯಾಗಿ ಬಾಗಿಲಿನ ಮೇಲೇ ಇದೆ. ಬಾಗಿಲು ಉರಿದರೆ ಉರಿ ಮೊದಲು ಬರುವುದೇ ಅಲ್ಲಿಗೆ. ಎರಡು, ಬಡಗಣ ಕಿಟಕಿ. ಸರಳಿಲ್ಲ. ಆದರೆ ಕೆಳಗೆ ಮೂರಾಳು ಆಳದ ಕೊರಕಲು, ಪಾಪಾಸುಕಳ್ಳಿ, ಒಡೆದ ಕಲ್ಲು. ಬಾವಿಯ ಹಗ್ಗವನ್ನು ತೊಲೆಗೆ ಕಟ್ಟಿ ಇಳಿಯಬಹುದು. ಮೊದಲು ಹನ್ನೊಂದು ವರ್ಷದ ಬಾಲಮ್ಮ, ಆಮೇಲೆ ಚಿಕ್ಕ ಮಗಳನ್ನು ಬೆನ್ನಿಗೆ ಕಟ್ಟಿಕೊಂಡು ಮಲಕಮ್ಮ, ಎಲ್ಲರಾದ ಮೇಲೆ ಹೊಗೆಯೊಳಗಿಂದ ತಾನು. ತಾನು ಕೊನೆಗೆ ಎಂಬುದನ್ನು ಅವನು ಎರಡು ಮೂರು ಸಲ ಮನಸ್ಸಿನಲ್ಲಿ ಆಡಿಸಿ ನೋಡಿದ. ಅದರಲ್ಲಿ ಒಂದು ಬಗೆಯ ಹಿತವಿತ್ತು. ಕಚೇರಿಯಲ್ಲಿ ಯಾವತ್ತೂ ಯಾರೂ ಅವನನ್ನು ಧೈರ್ಯಸ್ಥ ಎಂದಿರಲಿಲ್ಲ. ಮೂರನೆಯ ಕಿಟಕಿಯ ಹತ್ತಿರ ಬಂದಾಗಲೆಲ್ಲ ಅವನ ಲೆಕ್ಕ ಪಕ್ಕಕ್ಕೆ ಸರಿದು ಮತ್ತೆ ಒಂದರಿಂದ ಶುರುವಾಗುತ್ತಿತ್ತು.

ಮಧ್ಯಾಹ್ನ ಓಣಿಯ ಗಂಡಸರೆಲ್ಲ ನಮಾಜಿಗೆ ಹೋದ ಹೊತ್ತು ನೋಡಿ ಹಗ್ಗ ತಂದ. ಮಲಕಮ್ಮ ಏನೆಂದು ಕೇಳಲಿಲ್ಲ. ಅವಳಿಗೂ ನೀರಿನ ಬಾವಿಯ ಹತ್ತಿರ ಅದೇ ಸುದ್ದಿ ಸಿಕ್ಕಿತ್ತು. ತೊಲೆಗೆ ಗಂಟು ಹಾಕಿ, ಎಳೆದು ನೋಡಿ, ಕಿಟಕಿಯ ಚೌಕಟ್ಟಿನ ಮೇಲೆ ಹೊಟ್ಟೆಯೂರಿ ಕಾಲು ಹೊರಗೆ ಬಿಟ್ಟ. ಕಾಲಿಗೆ ಗೋಡೆ ಸಿಗಬೇಕಿತ್ತು, ಸಿಗಲಿಲ್ಲ. ಅಲ್ಲಿ ಗೋಡೆ ಒಳಕ್ಕೆ ಸರಿದದ್ದು ಅವನಿಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ. ಕೈ ಜಾರಿತು, ಹಗ್ಗ ಅಂಗೈಯ ಚರ್ಮವನ್ನು ಸುಲಿದುಕೊಂಡು ಎರಡು ಮಾರು ಮೇಲಕ್ಕೆ ಓಡಿತು, ಅವನು ಕೊರಕಲಿನ ನಡುಗಾಳಿಯಲ್ಲಿ ನೇತುಬಿದ್ದ. ಕೆಳಗಿಳಿಯಲು ಹಗ್ಗ ಸಾಲದು, ಮೇಲೆ ಹತ್ತಲು ತೋಳಿನಲ್ಲಿ ಕಸುವಿಲ್ಲ. ಧೋತರದ ಚುಂಗು ಯಾವುದೋ ಮೊಳೆಗೆ ಸಿಕ್ಕಿ ಬಿಚ್ಚಿಕೊಳ್ಳತೊಡಗಿತು. ಎದುರಿನ ಬಂಡೆಯ ಮೇಲೆ ಕುರಿ ಕಾಯುವ ಬೀರಣ್ಣ ಕೋಲಿನ ಮೇಲೆ ಗದ್ದವೂರಿ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ.

"ರಾಯರ, ಬಾಗಲ ಇಲ್ಲೇನ್ರಿ ಮನಿಗಿ?" ಎಂದು ಕೂಗಿದ ಬೀರಣ್ಣ. ನಗುತ್ತಿರಲಿಲ್ಲ, ನಿಜವಾಗಿಯೂ ಕೇಳುತ್ತಿದ್ದ.

ಮಲಕಮ್ಮ, ಬಾಲಮ್ಮ ಇಬ್ಬರೂ ಸೇರಿ ಎಳೆದರು. ಚೌಕಟ್ಟಿನ ಮೇಲೆ ಎದೆ ತರಚಿಕೊಂಡು ಒಳಗೆ ಬಿದ್ದ. ಮಗಳ ಮುಂದೆ ಬರೀ ಚಡ್ಡಿಯಲ್ಲಿ ಬಿದ್ದುಕೊಂಡಿರುವುದು ಅರಿವಾಗಿ ಧೋತರ ಎಳೆದುಕೊಂಡ. ಅಂಗೈಯಲ್ಲಿ ರಕ್ತ. ಕೆಳಗಿನಿಂದ ಅವ್ವನ ದನಿ, "ಏನದು ಸಪ್ಪಳಾ? ಯಾರ ಬಿದ್ರು?" ಬಾಲಮ್ಮ ಅಪ್ಪನ ಮುಖ ನೋಡಿ, ಅಮ್ಮನ ಮುಖ ನೋಡಿ ಅಜ್ಜಿಯ ಬಗ್ಗೆ ಮೆಲ್ಲಗೆ ಕೇಳಿದಳು: "ಆಯಿ ಹೆಂಗ ಇಳೀತಾಳ?"

ಬೆಳಗಿನಿಂದ ಅವನು ಎಷ್ಟು ಸಲ ಎಣಿಸಿದ್ದ! ಮೊದಲು ಇವಳು, ಆಮೇಲೆ ಇವಳು, ಕೊನೆಗೆ ತಾನು. ಎಣಿಕೆಯಲ್ಲಿ ಎಲ್ಲಿಯೂ ಅವ್ವ ಇರಲಿಲ್ಲ. ಮರೆತಿದ್ದ ಎಂದರೂ ಸುಳ್ಳು. ಹೋದ ವರ್ಷ ಟೊಂಕ ಮುರಿದಾಗಿನಿಂದ ಅವಳು ನಾಲ್ಕು ಹೆಜ್ಜೆ ನಡೆದವಳಲ್ಲ, ಈ ಏಣಿಯಂಥ ಮೆಟ್ಟಿಲು ಹತ್ತಿದವಳಲ್ಲ. ಅವಳ ಹಾಸಿಗೆ ಇರುವುದು ಬಾಗಿಲ ಮಗ್ಗುಲಿಗೇ, ಉರಿ ಮೊದಲು ಮುಟ್ಟುವ ಜಾಗದಲ್ಲಿ. ತನ್ನ ಮನಸ್ಸು ಒಳಗಿಂದೊಳಗೇ ಇದನ್ನೆಲ್ಲ ಲೆಕ್ಕ ಹಾಕಿ, ಆಗದ್ದನ್ನು ಬಿಟ್ಟುಬಿಟ್ಟು, ತನಗೂ ತಿಳಿಸದೆ ಮುಂದಕ್ಕೆ ಹೋಗಿತ್ತು. ಚಾಪೆಯ ಮೇಲೆ ಮಲಗಿ ತಾನು ಹೊಗೆಯೊಳಗಿಂದ ಕೊನೆಗೆ ಇಳಿಯುವುದನ್ನು ನೋಡಿ ಹಿತಪಟ್ಟಾಗ ಕೆಳಗೆ ಅವಳು ಉರಿಯುತ್ತಿದ್ದಳು. ಅವನು ಗೋಡೆಗೆ ಒರಗಿದ. ಒರಗಿದ್ದು ತೆಂಕಣ ಗೋಡೆಗೆ, ಕನ್ನಡಿ ಬಾಚಣಿಗೆ ಇಡುವ ಗೂಡಿನ ಪಕ್ಕಕ್ಕೆ. ಮಲಕಮ್ಮ ಅವನ ತಲೆಯ ಮೇಲಿನಿಂದ ಆ ಗೂಡನ್ನೇ ನೋಡುತ್ತಿದ್ದಳು. ಎದ್ದು ಬಂದು ಬೆರಳ ಗೆಣ್ಣಿನಿಂದ ಕುಟ್ಟಿದಳು. "ಇದು ಗೂಡಲ್ಲ ಬಿಡ್ರಿ. ಇಲ್ಲಿ ಕಿಡಕಿ ಇತ್ತು. ಆ ಕಡಿ ಸುಲ್ತಾನಸಾಬರ ಮಾಳಿಗಿ. ಯಾಕ ಮುಚ್ಚ್ಯಾರ?"

"ಗಾಳಿ ಭಾಳ ಬರತಿತ್ತಂತ ಅಪ್ಪ ಮುಚ್ಚಿದ್ದ," ಎಂದ.

ಗಾಳಿಯಲ್ಲ. ಹದಿನೆಂಟು ವರ್ಷದ ಹಿಂದಿನ ಬೇಸಿಗೆ. ಅವನಿಗೆ ಇಪ್ಪತ್ತೆರಡು, ಇನ್ನೂ ಮದುವೆಯಾಗಿರಲಿಲ್ಲ. ಪಕ್ಕದ ಮನೆಯ ಮಣ್ಣಿನ ಮಾಳಿಗೆ ಈ ಕಿಟಕಿಗಿಂತ ಒಂದು ಮೊಳ ತಗ್ಗು, ನಡುವೆ ಎರಡು ಮಾರು ಅಗಲದ ಸಂದಿ. ಎತ್ತು ಕುದುರೆಗಳ ಗೊರಸಿಗೆ ಕಬ್ಬಿಣದ ನಾಲು ಕಟ್ಟುವ ಸುಲ್ತಾನಸಾಬನ ತಂಗಿ ಹಬೀಬಾ ಅಲ್ಲಿಗೆ ಬಂದು ತೊಳೆದ ಕೂದಲು ಹರವಿಕೊಂಡು ಬಿಸಿಲಿಗೆ ಬೆನ್ನು ಕೊಟ್ಟು ಕೂಡುತ್ತಿದ್ದಳು. ಯಾರ ಕಣ್ಣಿಗೂ ಬೀಳದ ಜಾಗವೆಂದು ಅವಳ ತಲೆಯ ಮೇಲೆ ಓಢಣಿ ಇರುತ್ತಿರಲಿಲ್ಲ. ಅವನು ಕಿಟಕಿಯ ಕದವನ್ನು ಎರಡು ಬೆರಳಷ್ಟು ತೆರೆದು ಹಿಂದೆ ನಿಲ್ಲುತ್ತಿದ್ದ. ಬೇಸಿಗೆಯುದ್ದಕ್ಕೂ ನಿಂತ. ಒಂದು ಮುಂಜಾನೆ ಸುಲ್ತಾನಸಾಬ ಬಂದು ಕಟ್ಟೆಯ ಮೇಲೆ ಕೂತು ಕೊಟ್ಟ ನೀರು ಕುಡಿದು, ಯಾರ ಹೆಸರನ್ನೂ ಎತ್ತದೆ, "ಮಾನಪ್ಪನವರ, ಹೆಣಮಕ್ಕಳು ಮಾಳಿಗಿ ಮ್ಯಾಲ ಅಡ್ಡಾಡತಾರ. ಅದೊಂದು ಕಿಡಕಿ ಮುಚ್ಚಿದ್ರ ಛಲೋ ಆಗತಿತ್ತು," ಎಂದು ಹೋದ. ಅಪ್ಪ ಮಗನನ್ನು ಬೈಯಲಿಲ್ಲ, ಹೊಡೆಯಲಿಲ್ಲ. ಮರುದಿನ ಕೆಸರು ಕಲಸಿ ಮೇಲೆ ತಂದು, "ಕಲ್ಲು ಕೊಡು," ಎಂದ. ಇವನು ಕೊಟ್ಟ. ಒಂದೊಂದು ಕಲ್ಲಿಗೂ ಅಪ್ಪ ತಿರುಗಿ ನೋಡದೆ ಕೈ ಹಿಂದಕ್ಕೆ ಚಾಚುತ್ತಿದ್ದ, ಇವನು ಆ ಕೈಯಲ್ಲಿ ಕಲ್ಲು ಇಡುತ್ತಿದ್ದ. ಸಂಜೆಯ ತನಕ. ಸಾಯುವವರೆಗೂ ಅಪ್ಪ ಆ ವಿಷಯ ಆಡಲಿಲ್ಲ. ಆಡಿದ್ದರೆ ಮುಗಿಯುತ್ತಿತ್ತೇನೋ.

ಕೆಳಗೆ ಬಂದಾಗ ಅವ್ವ ಕಣ್ಣು ಮುಚ್ಚಿಕೊಂಡಿದ್ದಳು. ನಿದ್ದೆಯೆಂದುಕೊಂಡು ದಾಟಿ ಹೋಗುವಷ್ಟರಲ್ಲಿ, "ಕೈ ತೋರಸು," ಎಂದಳು. ತೋರಿಸಿದ. ಸುಲಿದ ಅಂಗೈಗೆ ತನ್ನ ದೀಪದ ಎಣ್ಣೆ ಹಚ್ಚುತ್ತ ಹೇಳಿದಳು: "ನಾ ಎಲ್ಲಾ ಕೇಳೀನಿ. ಹಗ್ಗದ ಆಟ ಸಾಕು. ಸುಲ್ತಾನನ ಕಡಿ ಹೋಗು. ಆ ಕಿಡಕಿ ತಗಸು."

"ಯಾವ ಮಾರಿ ಇಟಗೊಂಡು ಹೋಗ್ಲಿ, ಅವ್ವಾ?"

"ಇರೂದೊಂದ ಮಾರಿ. ಅದನ್ನ ಇಟಗೊಂಡು ಹೋಗು."

ಹೋಗುವುದಾದರೂ ಎಂಥ ಮನೆಗೆ? ಸುಲ್ತಾನಸಾಬನ ಮಗ ನಸೀರುದ್ದೀನ ಆರು ತಿಂಗಳಿಂದ ಖಾಕಿ ತೊಟ್ಟು ರಜಾಕಾರರ ಜೊತೆ ಊರೂರು ತಿರುಗುತ್ತಿದ್ದ. ಅದನ್ನೇ ಮಲಕಮ್ಮ ರಾತ್ರಿಯೂಟಕ್ಕೆ ಬಡಿಸುವಾಗ ಹೇಳಿದಳು: "ಬೆಂಕಿ ಹಚ್ಚಾಂವನ ಮಾಳಿಗಿ ಮ್ಯಾಲ ಇಳಕೋಬೇಕೇನ್ರಿ?" ಆದರೆ ಬೇರೆ ಕಿಟಕಿ ಇರಲಿಲ್ಲ. ಶನಿವಾರ ಕಚೇರಿಗೆ ಹೋಗುವ ಮೊದಲು ನಾಲಿನ ಚಪ್ಪರದ ಮುಂದೆ ಎರಡು ಸಲ ಹಾದುಹೋದ. ಮೂರನೆಯ ಸಲಕ್ಕೆ ಸುಲ್ತಾನಸಾಬನೇ ಕರೆದ. ಕೆಡವಿ ಕಟ್ಟಿದ ಎತ್ತಿನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಗೊರಸು ಹೆರೆಯುತ್ತಿದ್ದ. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಭಗವಂತರಾಯ ಹೇಳಬೇಕೆಂದು ಕಟ್ಟಿಕೊಂಡ ಮಾತು ಬಾಯಿಗೆ ಬರಲಿಲ್ಲ. "ಸುಲ್ತಾನಸಾಬ್ರ, ಮ್ಯಾಲಿನ ಕಿಡಕಿ..." ಎಂದಷ್ಟೇ ಅಂದ. ಆಮೇಲೆ ಕೊಂಡಿಯ ಮಾತು, ಹಗ್ಗದ ಮಾತು, ಅವ್ವನ ಮಾತು ಒಂದರ ಮೇಲೊಂದು ಬಿದ್ದವು. ಎತ್ತಿನ ಒಡೆಯ ಬೀಡಿ ಸೇದಲು ಆಚೆ ಹೋಗಿದ್ದು ಒಂದೇ ಪುಣ್ಯ.

ಸುಲ್ತಾನಸಾಬ ಉಳಿಯನ್ನು ಕೆಳಗಿಟ್ಟ. "ಮುಚ್ಚರಿ ಅಂದಾಂವ ನಾನ. ತಗೀರಿ ಅನ್ನಾಕ ನನಗ ಯಾವ ಬಾಯಿ ಅದ ರಾಯರ?" ಎಂದ. ಹೆಬ್ಬೆರಳಿನಿಂದ ಎತ್ತಿನ ಗೊರಸು ಒರೆಸುತ್ತ ಮುಂದುವರಿಸಿದ: "ಮಗ ನನ್ನ ಮಾತು ಕೇಳಂಗಿಲ್ಲ. ಮನಿಗೂ ಬರಂಗಿಲ್ಲ. ಬಂದ್ರ ಏನ್ ಮಾಡತಾನ, ಅದೂ ನನಗ ಗೊತ್ತಿಲ್ಲ. ಆದ್ರ ಮಾಳಿಗಿ ನಂದು. ಸೋಮವಾರ ಹಗಲಿನಾಗ ಬರತೀನಿ. ಈ ಕಡಿ ನಾನು ಸರಳು ಕೊಯ್ಯತೀನಿ, ಆ ಕಡಿ ನೀವು ಕಲ್ಲು ತಗೀರಿ. ನಾ ಬಡಿಯೂ ಸಪ್ಪಳ ಈ ಓಣಿಗೆ ಹೊಸಾದಲ್ಲ."

ಸೋಮವಾರ ಹೊಟ್ಟೆನೋವೆಂದು ಚೀಟಿ ಕಳಿಸಿ ಮನೆಯಲ್ಲಿ ಉಳಿದ. ಗೂಡಿನ ಗಿಲಾವು ಒಡೆದು ಒಂದೊಂದೇ ಕಲ್ಲು ಹೊರತೆಗೆದ. ಅಪ್ಪನ ಬೆರಳಿನ ಗುರುತು ಒಣಗಿದ ಕೆಸರಿನಲ್ಲಿ ಹಾಗೇ ಇತ್ತು. ಮಧ್ಯಾಹ್ನದ ಹೊತ್ತಿಗೆ ಹೊರಸಾಲಿನ ಮೊದಲ ಕಲ್ಲು ಸರಿದು ಬೆಳಕು ಬಂತು, ಬೆಳಕಿನಲ್ಲಿ ತುಕ್ಕು ಹಿಡಿದ ಐದು ಸರಳು, ಸರಳಿನಾಚೆ ಸಂದಿಗೆ ಅಡ್ಡ ಹಾಕಿದ ಹಲಗೆಯ ಮೇಲೆ ಕುಕ್ಕರಗಾಲಲ್ಲಿ ಕೂತ ಸುಲ್ತಾನಸಾಬ, ಅವನ ಹಿಂದೆ ಉಳಿ ಅರ ಎಲ್ಲ ಇದ್ದ ಬುಟ್ಟಿ ಹಿಡಿದು ನಿಂತ ಒಬ್ಬ ಹೆಂಗಸು. ಕಣ್ಣಿನ ಕೆಳಗೆ ಕಪ್ಪು, ಹಣೆಯ ಮೇಲೆ ನರೆತ ಕೂದಲು. ಹದಿನೆಂಟು ವರ್ಷದಿಂದ ಅವಳ ಮುಖ ನೋಡಿರದವನಿಗೆ ಹಬೀಬಾ ಎಂದು ಗೊತ್ತಾಗಲು ಹೊತ್ತು ಹಿಡಿಯಿತು. ಇವನು ಕಣ್ಣು ಕೆಳಗೆ ಹಾಕಿದ. ಅವಳು ಹಾಕಲಿಲ್ಲ. ಎರಡು ಸರಳು ಹೋದ ಮೇಲೆ ಸುಲ್ತಾನಸಾಬ ಅರವನ್ನು ಹದಮಾಡಲು ಕೆಳಗೆ ಹೋದ. ಮಾಳಿಗೆಯ ಮೇಲೆ ಅವಳು, ಕಿಟಕಿಯ ಒಳಗೆ ಇವನು. ಕ್ಷಮೆ ಕೇಳಬೇಕೆಂದು ಬಾಯಿ ತೆರೆದ. ಅವಳೇ ಮಾತಾಡಿದಳು. ಮಾತಿನಲ್ಲಿ ಸಿಟ್ಟಿರಲಿಲ್ಲ; ಹಳೆಯ ಸಂಗತಿಯೊಂದನ್ನು ಸರಿಯಾದ ಜಾಗದಲ್ಲಿಡುವವಳ ಹಾಗಿದ್ದಳು.

"ನೀವು ನಿಂತಿರತೀರಿ ಅಂತ ಅಣ್ಣಗ ಹೇಳಿದಾಕಿ ನಾನ. ಹೇಳಿದ್ರ ನಿಮಗ ನಾಕ ಮಾತು ಬೈತಾನ ಅಂತ ತಿಳಿದಿದ್ದೆ. ನಿಮಗ ಕಿಡಕಿ ಮುಚ್ಚಿದ್ರು. ನನಗ ಗೋಗಿಗಿ ಕೊಟ್ಟರು."

ಗೋಗಿ ಎಂಬ ಊರಿನ ಮುದುಕನಿಗೆ ಎರಡನೆಯ ಹೆಂಡತಿಯಾಗಿ ಅವಳು ಹೋದದ್ದು, ಆರು ವರ್ಷಕ್ಕೆ ವಿಧವೆಯಾಗಿ ಅಣ್ಣನ ಮನೆಗೆ ಮರಳಿದ್ದು ಅವನಿಗೆ ಗೊತ್ತಿತ್ತು. ಆ ಮದುವೆ ನಡೆದದ್ದು ಕಿಟಕಿ ಮುಚ್ಚಿದ ತಿಂಗಳೇ ಎಂಬುದನ್ನು ಅವನು ಇಷ್ಟು ವರ್ಷ ಪಕ್ಕಪಕ್ಕದಲ್ಲಿಟ್ಟು ನೋಡಿರಲಿಲ್ಲ. ತನ್ನ ಅವಮಾನವನ್ನೇ ಹದಿನೆಂಟು ವರ್ಷ ತಿಕ್ಕಿ ತಿಕ್ಕಿ ಇಟ್ಟುಕೊಂಡಿದ್ದ. ಅದರ ಆಚೆ ಒಬ್ಬಳ ಬದುಕು ಹೋಗಿತ್ತು ಎಂಬುದು ತಲೆಗೇ ಬಂದಿರಲಿಲ್ಲ. ಈಗ ಅದೇ ಕಿಟಕಿಯನ್ನು ತನ್ನ ಹೆಂಡತಿ ಮಕ್ಕಳಿಗಾಗಿ ಅವಳ ಕೈಯಿಂದಲೇ ತೆಗೆಸುತ್ತಿದ್ದಾನೆ. "ನಾನು..." ಎಂದ. ಅವಳು ಕಿಟಕಿಯ ಅಗಲವನ್ನು ಕಣ್ಣಲ್ಲೇ ಅಳೆಯುತ್ತಿದ್ದಳು. "ಅವ್ವಾರು ಇದರಾಗ ಹೆಂಗ ಬರತಾರ?" ಎಂದು ಕೇಳಿದಳು. ಮೊದಲು ಬಾಲಮ್ಮ, ಈಗ ಇವಳು. ಅವ್ವನ ಬಗ್ಗೆ ಕೇಳದೆ ಇದ್ದವನು ಅವನೊಬ್ಬನೇ. ಉತ್ತರವನ್ನೂ ಅವಳೇ ಹೇಳಿದಳು: "ಆ ಹೊತ್ತಿನಾಗ ಆಗಂಗಿಲ್ಲ. ಈಗ ಕಳಸ್ರಿ. ಬಾಗಲದಿಂದ, ಎಲ್ಲಾರ ಮುಂದ. ನಮ್ಮ ಮನಿಗಿ ಯಾರೂ ಕೊಂಡಿ ಹಾಕಂಗಿಲ್ಲಲ್ಲ."

ಅವ್ವ ಒಪ್ಪದಿರಲೆಂದು ಅವನು ಆಸೆಪಟ್ಟಿದ್ದನೋ ಏನೋ. ಅವಳು ಒಂದೇ ಮಾತು ಕೇಳಿದಳು, "ನನ್ನ ಒಲಿ ಬ್ಯಾರೆ ಹೂಡಾಕ ಜಾಗಾ ಅದಾ?" ಮರುದಿನ ಹತ್ತು ಗಂಟೆಯ ಬಿಸಿಲಿನಲ್ಲಿ ಸುಲ್ತಾನಸಾಬ ಬಂದು ಬಾಗಿ ಅವಳನ್ನು ಬೆನ್ನ ಮೇಲೆ ಹೊತ್ತುಕೊಂಡ. ಅವಳ ಟೊಂಕಕ್ಕೆ ಮದ್ದು ಕಟ್ಟುತ್ತೇನೆಂದು ಓಣಿಗೆಲ್ಲ ಹೇಳಿದ್ದ. ಎತ್ತಿನ ಮದ್ದು ಮುದುಕಿಗೆ ಕಟ್ಟುತ್ತಾನಂತೆ ಎಂದು ಹೆಂಗಸರು ಬಾಗಿಲಿಗೆ ಬಂದು ನಕ್ಕರು. ಭಗವಂತರಾಯ ಅವಳ ತಂಬಿಗೆ, ಕೌದಿ, ಹಂಚು ಹೊತ್ತು ಹಿಂದೆ ನಡೆದ. ಮೂವತ್ತು ಹೆಜ್ಜೆಯ ದಾರಿ. ಅವ್ವನ ಎರಡು ಒಣ ಪಾದಗಳು ಸಾಬನ ಟೊಂಕದ ಎರಡೂ ಪಕ್ಕ ತೂಗಾಡುತ್ತಿದ್ದವು. ತಾನು ಹೊರಬಹುದಾಗಿತ್ತು. ಹೊರಲು ಯಾರೂ ಅವನಿಗೆ ಹೇಳಿರಲಿಲ್ಲ, ಅವನೂ ಮುಂದೆ ಬಂದಿರಲಿಲ್ಲ. ಮನೆಗೆ ಮರಳಿದಾಗ ಬಾಗಿಲ ಮಗ್ಗುಲಲ್ಲಿ ಹಾಸಿಗೆ ಇದ್ದ ಜಾಗ ಖಾಲಿಯಾಗಿತ್ತು. ಎದೆ ಹಗುರಾಯಿತು. ಹಗುರಾದದ್ದು ಗೊತ್ತಾಗಿ ತನ್ನ ಬಗ್ಗೆಯೇ ಭಯವಾಯಿತು.

ಆಮೇಲಿನ ದಿನಗಳಲ್ಲಿ ಹಲಗೆ ಹಾಕಿ ದಾಟುವುದನ್ನು ಕಲಿತರು. ಬಾಲಮ್ಮ ಎರಡೇ ದಿನದಲ್ಲಿ ನೋಡದೆ ದಾಟತೊಡಗಿದಳು. ಮಲಕಮ್ಮ ಚಿಕ್ಕವಳನ್ನು ಬೆನ್ನಿಗೆ ಬಿಗಿದು, ಕಣ್ಣು ಮುಚ್ಚಿ, ಹಲ್ಲು ಕಚ್ಚಿ ದಾಟಿದಳು. ಅವನಿಗೆ ಮಾತ್ರ ನಡುದಾರಿಯಲ್ಲಿ ಹೊಟ್ಟೆಯ ಮೇಲೆ ಬಿದ್ದು ತೆವಳಿ ಆಚೆಗೆ ಹೋಗಬೇಕಾಗುತ್ತಿತ್ತು. ಮಾಳಿಗೆಯ ಮೆಟ್ಟಿಲಿಳಿದರೆ ಅಂಗಳದಲ್ಲಿ ಅವ್ವ ಮೂರು ಕಲ್ಲಿನ ಒಲೆಯ ಮುಂದೆ ಕೂತು ತನ್ನ ರೊಟ್ಟಿ ತಾನು ಬಡಿಯುತ್ತಿರುತ್ತಿದ್ದಳು, ಹಬೀಬಾ ಮುಟ್ಟದೆ ದೂರದಿಂದ ಹಿಟ್ಟು ಸುರಿಯುತ್ತಿದ್ದಳು. ಒಂದು ಸಂಜೆ ಹೋದಾಗ ಹಬೀಬಾ ಅವಳ ತಲೆ ಬಾಚುತ್ತಿದ್ದಳು. ಅವ್ವ ಏನೋ ಹೇಳಿ ನಗುತ್ತಿದ್ದಳು, ಮಗನನ್ನು ಕಂಡು ನಿಲ್ಲಿಸಿದಳು. ಇವನ ಮನೆಯಲ್ಲಿ ಅವಳು ನಕ್ಕು ಎಷ್ಟು ದಿನವಾಗಿತ್ತು ಎಂದು ನೆನೆಸಿಕೊಳ್ಳಲು ನೋಡಿದ, ನೆನಪಾಗಲಿಲ್ಲ.

ಬೆಂಕಿ ಬರಲಿಲ್ಲ. ಭಾದ್ರಪದದ ಒಂದು ದಿನ ಹಿಂದುಸ್ತಾನದ ಫೌಜು ಗಡಿ ದಾಟಿತೆಂದರು, ಐದನೆಯ ದಿನಕ್ಕೆ ಹೈದರಾಬಾದು ಶರಣಾಯಿತು ಎಂದರು. ಕಚೇರಿಯ ಮೇಲಿನ ಬಾವುಟ ಬದಲಾಯಿತು. ನಸೀರುದ್ದೀನ ಎಲ್ಲಿಗೋ ಓಡಿಹೋದನೆಂದೂ ಅವನ ಖಾಕಿ ಅಂಗಿ ಕೊರಕಲಿನ ಕಳ್ಳಿಯ ಮೇಲೆ ಸಿಕ್ಕಿತೆಂದೂ ಬೀರಣ್ಣ ಹೇಳಿದ. ಭಗವಂತರಾಯ ಆ ರಾತ್ರಿ ಎಷ್ಟೋ ತಿಂಗಳ ಮೇಲೆ ಮಗ್ಗುಲು ಬದಲಿಸದೆ ಮಲಗಿದ. ಬೆಳಿಗ್ಗೆ ಎದ್ದು ಅವ್ವನನ್ನು ಕರೆತರಲು ಹೋದ, ಈ ಸಲ ತಾನೇ ಹೊರುತ್ತೇನೆಂದು ನಿಶ್ಚಯಿಸಿಕೊಂಡು. ಸುಲ್ತಾನಸಾಬನ ಮನೆಯ ಬಾಗಿಲು ಮುಚ್ಚಿತ್ತು. ಮುಚ್ಚಿದ ಬಾಗಿಲಿನ ಹೊರಗೆ, ಹೊಸ್ತಿಲ ಮೇಲೆ ಕೌದಿ ಹಾಸಿಕೊಂಡು ಅವ್ವ ಕೂತಿದ್ದಳು.

"ಇಲ್ಲ್ಯಾಕ ಕುಂತೀದಿ? ನಡಿ, ಮನಿಗಿ ಹೋಗೂಣು."

"ಈಗ ಹೆಂಗ ಬರ್ಲಿ? ಆವಾಗ ಈ ಮನಿ ನನ್ನ ಕಾದದ. ಈಗ ಇವರಿಗಿ ಯಾರದಾರ?"

"ಅವ್ವಾ, ಸುತ್ತಲಿನ ಹಳ್ಳ್ಯಾಗ ಮಂದಿ ಸಿಟ್ಟಿಗೆದ್ದಾರ. ಮನಿ ಸುಡಿಸಿಕೊಂಡೋರು ಅವರು. ನಿನ್ನ ಯಾರು ನೋಡತಾರ?"

"ನೋಡ್ಲಿ ಅಂತನ ಇಲ್ಲಿ ಕುಂತೀನಿ."

ಬಗ್ಗಿ ಅವಳ ಕಂಕುಳಿಗೆ ಕೈ ಹಾಕಿದ. ಅವಳು ಮೈ ಬಿಗಿಹಿಡಿದಳು. ಆ ಮುರುಕು ದೇಹದಲ್ಲಿ ಅಷ್ಟು ಭಾರ ಎಲ್ಲಿತ್ತೋ. ಎರಡು ದಿನ, ಬೆಳಿಗ್ಗೆ ಸಂಜೆ, ಹೋಗಿ ಕರೆದ. ಬೇಡಿಕೊಂಡ, ಬೈದ, ಹಲ್ಲು ಕಡಿದ. ಮಲಕಮ್ಮ ರೊಟ್ಟಿ ಒಯ್ದು ಕೊಟ್ಟು ಬಂದಳು.

ಮೂರನೆಯ ದಿನ ಇಳಿಹೊತ್ತಿಗೆ ಓಣಿಯ ಕೆಳಗಿನಿಂದ ಗದ್ದಲ ಬಂತು. ಅವನು ಮೇಲಿನ ಕೋಣೆಗೆ ಓಡಿ ಓಣಿಯ ಕಿಟಕಿಯ ಕದವನ್ನು ಎರಡು ಬೆರಳಷ್ಟು ತೆರೆದು ಹಿಂದೆ ನಿಂತ. ನಲವತ್ತೋ ಐವತ್ತೋ ಜನ. ಕೊಡಲಿ, ಬಡಿಗೆ, ಇಬ್ಬರ ಕೈಯಲ್ಲಿ ಸೀಮೆ‌ಎಣ್ಣೆಯ ಡಬ್ಬಿ. ಹೆಚ್ಚಿನವರು ಅವನು ಕಾಣದ ಮುಖಗಳು, ಎಷ್ಟೋ ದಿನದಿಂದ ನಿದ್ದೆಯಿಲ್ಲದ ಮುಖಗಳು. "ನಸೀರ ಎಲ್ಲಿದ್ದಾನ? ಹೊರಗ ತಗೀರಿ!" ಗುಂಪು ತನ್ನ ಬಾಗಿಲನ್ನೂ ದಾಟಿ ಪಕ್ಕದ ಬಾಗಿಲಿನ ತನಕ ತುಂಬಿಕೊಂಡಿತು. ತನ್ನ ಬಾಗಿಲು ತೆರೆದು ಹೊರಬೀಳುವ ಹಾಗಿರಲಿಲ್ಲ. ಹಾಗಿರಲಿಲ್ಲ ಎಂಬುದು ಅವನಿಗೆ ಒಂದು ಆಸರೆಯಾಗಿ ಕಂಡಿತು. ಬೇಕೆಂದರೂ ಹೋಗಲಾರೆ. ಅಲ್ಲಿಂದ ಅವ್ವನ ನರೆತ ನೆತ್ತಿ ಕಾಣುತ್ತಿತ್ತು, ಮಡಿಲಲ್ಲಿಟ್ಟುಕೊಂಡ ಎರಡು ಕೈ. ಯಾರೋ ಅವಳಿಗೆ ಎದ್ದೇಳಲು ಹೇಳುತ್ತಿದ್ದ. ಅವಳು ತಲೆಯಾಡಿಸುತ್ತಿದ್ದಳು. ಮುದುಕಿಯನ್ನು ಏನೂ ಮಾಡಲಾರರು, ಎತ್ತಿ ಪಕ್ಕಕ್ಕೆ ಕೂಡಿಸುತ್ತಾರೆ, ಅಷ್ಟೇ, ಎಂದುಕೊಂಡ. ಎತ್ತಿ ಕೂಡಿಸಿದ ಮೇಲೆ ಒಳಗಿನ ಇಬ್ಬರನ್ನು? ಮುಂದೆ ನೋಡಲು ಮನಸ್ಸು ಒಪ್ಪಲಿಲ್ಲ. ಆಗ ಅವ್ವ ತಲೆ ಎತ್ತಿ ನೇರವಾಗಿ ಆ ಕಿಟಕಿಯನ್ನೇ ನೋಡಿದಳು. ಕರೆದಳೆಂದಲ್ಲ. ನೋಡಿದಳು. ಅವನು ಕದದ ಹಿಂದಕ್ಕೆ ಸರಿದ.

ಎಷ್ಟು ಹೊತ್ತು ಹಾಗೆ ಗೋಡೆಗಂಟಿ ನಿಂತಿದ್ದನೋ ಅವನಿಗೆ ತಿಳಿಯದು. ತಿರುಗಿದಾಗ ಮಲಕಮ್ಮ ಎದುರಿಗಿದ್ದಳು. ಮಕ್ಕಳಿಬ್ಬರೂ ಅವಳ ಸೀರೆ ಹಿಡಿದಿದ್ದರು. ಅವನು ಮೂರನೆಯ ಕಿಟಕಿಯ ಹತ್ತಿರ ಹೋದ. ಹಲಗೆಯನ್ನು ಎತ್ತಿ ಆಚೆಗೆ ತಳ್ಳಿದ. ಮಲಕಮ್ಮ ಅವನ ಅಂಗಿಯ ಹಿಂಬದಿಯನ್ನು ಮುಷ್ಟಿಯಲ್ಲಿ ಹಿಡಿದಳು. ಹಿಡಿತ ಎಷ್ಟು ಬಿಗಿಯಿತ್ತೆಂದರೆ ಬಟ್ಟೆ ಹರಿಯುತ್ತದೆಂದು ಅನಿಸಿತು. ಆಮೇಲೆ ಬಿಟ್ಟಳು, ಬಗ್ಗಿ ಹಲಗೆಯ ತುದಿಯ ಮೇಲೆ ಕೂತು ಅದನ್ನು ಅದುಮಿ ಹಿಡಿದಳು. ತಾವು ಬದುಕಿ ಹೊರಗೆ ಹೋಗಲೆಂದು ತೆಗೆಸಿದ ದಾರಿ. ಅವನು ಹೊಟ್ಟೆಯ ಮೇಲೆ ಬಿದ್ದು ತೆವಳತೊಡಗಿದ. ಕೆಳಗೆ ಸಂದಿಯಲ್ಲಿ ಜನರ ತಲೆಗಳು ಹರಿಯುತ್ತಿದ್ದವು, ಒಬ್ಬರೂ ಮೇಲೆ ನೋಡಲಿಲ್ಲ. ಮಾಳಿಗೆಯಿಂದ ಅಂಗಳಕ್ಕೆ ಇಳಿದಾಗ ಸುಲ್ತಾನಸಾಬ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದ, ಹಬೀಬಾ ಕೊಡದಿಂದ ಬಾಗಿಲಿಗೆ ನೀರು ಎರಚುತ್ತಿದ್ದಳು. "ತಗೀರಿ," ಎಂದ ಭಗವಂತರಾಯ. ಇಬ್ಬರೂ ಅವನನ್ನು ನೋಡಿದರು. "ನಾ ಹೊರಗ ಹೋದ ಮ್ಯಾಲ ಹಾಕ್ಕೊಳ್ರಿ."

ಬಾಗಿಲು ಒಂದು ಮೈ ದಾಟುವಷ್ಟು ತೆರೆದು ಹಿಂದೆಯೇ ಮುಚ್ಚಿತು. ಗುಂಪು ಒಂದು ಹೆಜ್ಜೆ ಹಿಂದೆ ಸರಿಯಿತು. ಒಳಗಿಂದ ಬರುವವನು ಬೇರೆ ಯಾರೋ ಎಂದು ಕಾದಿದ್ದವರಿಗೆ ಧೋತರದ ಗುಮಾಸ್ತ ಕಂಡ. ಅವನು ಅವ್ವನ ಪಕ್ಕ ಹೊಸ್ತಿಲ ಮೇಲೆ ಕೂತ. ಏನಾದರೂ ದೊಡ್ಡ ಮಾತು ಹೇಳಬೇಕೆಂದು ಬಾಯಿ ತೆರೆದ. ಅಷ್ಟರಲ್ಲಿ ಮುಂದಿದ್ದ ಎತ್ತರದ ಮನುಷ್ಯ, ಕೈಯಲ್ಲಿ ಡಬ್ಬಿ ಹಿಡಿದವನು, ಮರ್ಯಾದೆಯಿಂದಲೇ ಹೇಳಿದ: "ಏಳ್ರಿ ರಾಯರ. ನಿಮಗೇನೂ ಮಾಡಂಗಿಲ್ಲ. ಮುದುಕೀನ ಕರಕೊಂಡು ಸರೀರಿ."

"ನಮ್ಮವ್ವಗ ಏಳಾಕ ಬರಂಗಿಲ್ಲ."

"ಹಂಗಾರ ನೀವು ಏಳ್ರಿ."

"ನನಗೂ ಬರಂಗಿಲ್ಲ," ಎಂದ. ದನಿ ಎಷ್ಟು ಸಣ್ಣದಾಗಿತ್ತೆಂದರೆ ಹಿಂದಿನವರು "ಏನಂದಾ? ಏನಂದಾ?" ಎಂದು ಕೇಳಿದರು. ಆ ಮನುಷ್ಯ ಡಬ್ಬಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ. ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಆ ಮನುಷ್ಯನ ಕಣ್ಣಲ್ಲಿ ನೀರು ತುಂಬಿತ್ತು, ಅದು ಸಿಟ್ಟಿಗೋ ಬೇರೆ ಏನಕ್ಕೋ. "ನಮ್ಮ ಮನಿ ಮುಂದ ಹಿಂಗ ಯಾರೂ ಕುಂದರಲಿಲ್ರಿ," ಎಂದ. ಹೇಳಿ ತಿರುಗಿ, ಎದುರಿನ ನಾಲಿನ ಚಪ್ಪರದ ಹುಲ್ಲಿನ ಮೇಲೆ ಡಬ್ಬಿ ಸುರಿದ. ಯಾರೋ ಕಡ್ಡಿ ಗೀರಿದರು. ಕೂಗುತ್ತ, ಕಲ್ಲು ತೂರುತ್ತ, ಉರಿಯುವುದನ್ನು ಸ್ವಲ್ಪ ಹೊತ್ತು ನಿಂತು ನೋಡಿ ಗುಂಪು ಓಣಿಯಿಳಿದು ಹೋಯಿತು. ಒಂದು ಕಲ್ಲು ಅವನ ಕಿವಿಯನ್ನು ಹರಿದಿತ್ತು. ಅದು ಯಾವಾಗ ಬಿತ್ತೆಂದು ಗೊತ್ತಾಗಿರಲಿಲ್ಲ.

ಚಪ್ಪರದ ಗಳ ಸಿಡಿಯುವ ಸಪ್ಪಳದ ನಡುವೆ ಅವ್ವ ಅವನ ಕಡೆ ನೋಡದೆ ಹೇಳಿದಳು: "ಕಿಡಕ್ಯಾಗ ನಿಂತಿದ್ದಿ. ನಾ ನೋಡಿದೆ."

"ಹೂಂ, ಅವ್ವಾ."

"ಭಾಳ ಹೊತ್ತು ನಿಂತಿದ್ದಿ."

"ಹೂಂ."

ಹಿಂದೆ ಬಾಗಿಲಿನ ಅಗಳಿ ಸರಿಯಿತು. ಹಬೀಬಾ ತುಂಬಿದ ಕೊಡ ಹಿಡಿದು ಹೊರಗೆ ಬಂದಳು, ಸೆರಗಿಲ್ಲದ ತಲೆ, ಬೆಂಕಿಯ ಬೆಳಕಿನಲ್ಲಿ ಮುಖವೆಲ್ಲ ಒದ್ದೆ. ಹೊಸ್ತಿಲು ದಾಟಲು ಜಾಗ ಬೇಕಾಗಿತ್ತು. ಅವನು ಗೋಡೆ ಹಿಡಿದು ಎದ್ದ. ಅವಳು ಕೊಡವನ್ನು ಅವನ ಕೈಗೆ ಕೊಟ್ಟು ಇನ್ನೊಂದನ್ನು ತರಲು ಒಳಗೆ ಓಡಿದಳು. ಅವನು ಉರಿಯ ಕಡೆಗೆ ನಡೆದ.